ತಣ್ಣಗಿರಪ್ಪ

ಮನೆಯಿಂದ,
ಬುಧವಾರ, ತಾರೀಖು ಹನ್ನೊಂದು, ಮಧ್ಯಾಹ್ನ ಮೂರು ಗಂಟೆ.

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಮೈ ಹುಷಾರಾಗಿದೆಯೇ? ಎಂಜಿನ್ ಕೋಣೆಯ ಕಾವಿಗೆ ನಿನ್ನ ಕುತ್ತಿಗೆ ಸುತ್ತ ಏಳುತ್ತಿದ್ದ ಬೆವರುಗುಳ್ಳೆ ಈಗ ಹೇಗಿದೆ? ಕಳೆದ ಸಲ ಕೊಟ್ಟು ಕಳಿಸಿದ ಪುಡಿ ಮುಗಿದಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು, ನೀರು ಕುಡಿ, ಪಾಳಿ ಮುಗಿದ ಮೇಲೆ ಮೊಬೈಲ್ ಹಿಡಿದು ಕೂರಬೇಡ, ಮಲಗು. ಕೇಳಬೇಕಾದ್ದನ್ನೆಲ್ಲ ಕೇಳಿ ಆಯಿತು. ಇನ್ನು ಬೈಯುವುದಕ್ಕೆ ಶುರುಮಾಡುತ್ತೇನೆ. ಕುಳಿತುಕೊಂಡು ಓದು. ನಿಂತು ಓದಿದರೆ ಅರ್ಧಕ್ಕೇ ಮಡಚಿ ಜೇಬಿಗೆ ಹಾಕುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗಬೇಡ. ಫೋನ್ ಎತ್ತುತ್ತಿದ್ದರೆ ನಾನೇಕೆ ಬರೆಯುತ್ತಿದ್ದೆ? ನಾಲ್ಕು ತಿಂಗಳಿಂದ ಎಷ್ಟು ಸಲ ಮಾಡಿದೆ ಎನ್ನುವುದು ನಿನ್ನ ಫೋನಿಗೇ ಗೊತ್ತಿದೆ. ಮೂರು ಸಲ ಉದ್ದುದ್ದ ಮೆಸೇಜ್ ಹಾಕಿದೆ. ಅದಕ್ಕೆ ನೀನು ಕೊಟ್ಟ ಉತ್ತರ, 'ಅಪ್ಪನ ಪರವಾಗಿ ವಕಾಲತ್ತು ಬೇಡ ಅಕ್ಕ.' ಅಷ್ಟೇ. ಆಮೇಲೆ ನನ್ನ ನಂಬರನ್ನೂ ಬ್ಲಾಕ್ ಮಾಡಿಬಿಟ್ಟೆ. ನಿನ್ನ ಭಾವ ಎಂದಿನಂತೆ 'ಹೋಗ್ಲಿ ಬಿಡು, ಹಡಗಲ್ಲಿ ಸಿಗ್ನಲ್ ಇರಲ್ಲ' ಎಂದು ನಿನ್ನ ಪರ ವಹಿಸಿದರು. ನಾನು ಅವರನ್ನೂ ಸೇರಿಸಿ ಬೈದ ಮೇಲೆ, 'ಹಾಗಾದ್ರೆ ಕಾಗದದಲ್ಲಿ ಬೈ. ಕಾಗದ ಕಟ್ ಮಾಡೋಕಾಗಲ್ಲ' ಎಂದರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವರ ಬಾಯಿಂದ ಬಂದ ಮೊದಲ ಉಪಯೋಗದ ಮಾತು. ನಿಮ್ಮ ಕಂಪನಿಯ ಕಚೇರಿಗೆ ಕಳಿಸಿದರೆ ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಕೊಡುತ್ತಾರಂತೆ. ವಿಳಾಸ ಹುಡುಕುವುದಕ್ಕೇ ಅರ್ಧ ದಿನ ರಜೆ ಹಾಕಿದೆ. ಅಂಗಡಿಯಲ್ಲಿ ಉಜ್ಜಬೇಕಾದ ಕನ್ನಡಕದ ಗಾಜುಗಳು ಹಾಗೇ ಬಿದ್ದಿವೆ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ. ಹೋದ ವರ್ಷ ಅಪ್ಪನ ಗಂಟಲ ಗೆಡ್ಡೆ ಗೊತ್ತಾಗಿ, ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ ಮೇಲೂ ಅಪ್ಪ ಐದು ವಾರ ಸತಾಯಿಸಿದರು. ಈ ಗಾಡಿ ಮುಗಿಸುತ್ತೇನೆ, ಆ ಗಾಡಿ ಮುಗಿಸುತ್ತೇನೆ ಎಂದು ಗ್ಯಾರೇಜು ಬಿಟ್ಟು ಏಳಲಿಲ್ಲ. ನಿನಗೆ ಹೆದರಿಕೆ. ನನಗೂ ಹೆದರಿಕೆ. ನಾನು ಹೆದರಿದರೆ ಅಳುತ್ತೇನೆ, ನೀನು ಹೆದರಿದರೆ ಕೂಗಾಡುತ್ತೀಯ. ಅವತ್ತು ಗ್ಯಾರೇಜಿನಲ್ಲಿ, ಬಿಚ್ಚಿಟ್ಟ ಎರಡು ಸ್ಕೂಟರುಗಳ ನಡುವೆ ನಿಂತು, ಗಿರಾಕಿಗಳ ಎದುರಿಗೆ ನೀನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: 'ನಿಮ್ಮ ಧ್ವನಿ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಆಪರೇಷನ್ ಆದ್ರೆ ಮನೆಯವರಿಗಾದ್ರೂ ನೆಮ್ಮದಿ.' ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, 'ಹೋಗು. ಇನ್ನು ನಿನ್ನ ಹತ್ರ ಒಂದ್ ಮಾತಾಡಿದ್ರೆ ಕೇಳು' ಎಂದರು. ಮಾರನೆಯ ದಿನ ನೀನು ಹಡಗು ಹತ್ತಿದೆ. ಮೂರು ವಾರಕ್ಕೆ ಅವರ ಧ್ವನಿಯೇ ಹೋಯಿತು. ಅಪ್ಪ ಸ್ವಂತ ಗಂಟಲಿನಿಂದ ನಿನ್ನ ಜೊತೆ ಆಡಿದ ಕೊನೆಯ ಮಾತು ಅದಾಯಿತು. ಇದನ್ನು ಬರೆಯುವಾಗ ಈಗಲೂ ಇಬ್ಬರನ್ನೂ ಕೂರಿಸಿ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ, ಅಪ್ಪ ಎನ್ನುವುದನ್ನೂ ನೋಡದೆ.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಮಾತಿನ ಟೀಚರಮ್ಮ ಹೇಳಿದ ಪ್ರಕಾರ ಅಪ್ಪನಿಂದ ಮುನ್ನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಸಿದವಳು ನಾನು. ಬೀರುವಿನ ಬಾಗಿಲು ತೆಗೆದು, ಬಟ್ಟೆಗಳ ನಡುವೆ ತಲೆ ತೂರಿಸಿಕೊಂಡು, ದಿನಕ್ಕೆ ಐವತ್ತರಂತೆ ಓದಿದರು. ನಡುನಡುವೆ 'ಇದೇನು ಬೆಕ್ಕು ಹಾಲು ಕುಡಿಯಿತು, ಬೆಕ್ಕು ಮೇಜಿನ ಮೇಲಿದೆ, ನನ್ನನ್ನ ಒಂದನೇ ಕ್ಲಾಸಿಗೆ ಸೇರಿಸಿದ್ದೀಯಾ' ಎಂದು ಬೈದದ್ದೂ ರೆಕಾರ್ಡ್ ಆಗಿದೆ. ಅದನ್ನೆಲ್ಲ ಕಲಿತ ಪ್ರೋಗ್ರಾಮು ಈಗ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿದೆ. ಅಪ್ಪ ಟೈಪ್ ಮಾಡಿದರೆ ಅದು ಅಪ್ಪನ ಧ್ವನಿಯಲ್ಲೇ ಹೇಳುತ್ತದೆ. ಸ್ವಲ್ಪ ನೆಗಡಿಯಾದ ಅಪ್ಪ, ಆದರೆ ಅಪ್ಪನೇ. ಮೊದಲ ಸಲ ಅದು 'ಬಾಗಿಲು ಹಾಕು, ಸೊಳ್ಳೆ ಬರುತ್ತೆ' ಎಂದಾಗ ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಅತ್ತೆ.

ಆಪರೇಷನ್ ಆದ ಮೇಲೆ ನೀನು ರಜೆ ಹಾಕಿ ಬಂದ ಒಂಬತ್ತು ದಿನ ಇನ್ನೂ ಅದೆಲ್ಲ ಶುರುವಾಗಿರಲಿಲ್ಲ. ಅಪ್ಪನ ಕುತ್ತಿಗೆಯಲ್ಲಿ ಹೊಲಿಗೆ ಹಸಿಯಾಗಿತ್ತು. ಟೀಚರಮ್ಮ ಬಂದು ಕೀಬೋರ್ಡ್ ತೋರಿಸುತ್ತಿದ್ದರು, ಅಪ್ಪ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ಅವರು ನಿನ್ನ ಜೊತೆ ಮಾತಾಡಲಿಲ್ಲ ಎಂದು ನೀನು ಮುಖ ಗಂಟು ಹಾಕಿಕೊಂಡು ತಿರುಗಿದೆ. ಅಯ್ಯೋ, ಅವರು ಯಾರ ಜೊತೆಯೂ ಮಾತಾಡಲಿಲ್ಲ ಕಣೋ, ನನ್ನ ಜೊತೆಯೂ ಇಲ್ಲ. ಆದರೆ ನಿನ್ನ ಕಣ್ಣಿಗೆ ಒಂದು ವಿಷಯ ಬಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಅಪ್ಪ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸ ಮಾಡುವಾಗ ಅದು ಬಾಣಲೆಯ ಹಾಗೆ ಕಾಯುತ್ತಿತ್ತು, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ತೊಡೆಯ ಮೇಲೆ ಅಂಗೈಯಗಲ ಕೆಂಪಗಾದದ್ದನ್ನು ಮೊದಲು ನೋಡಿದ್ದು ನೀನು. ಹೊರಡುವ ಹಿಂದಿನ ಸಂಜೆ ಅದನ್ನು ತೆಗೆದುಕೊಂಡು ಕೂತು ಏನೋ ಮಾಡಿದೆ. ಫ್ಯಾನು ಸುಮ್ಮನಾಯಿತು. 'ತೊಂಬತ್ತಾರು ಡಿಗ್ರಿ ಇದ್ದಿದ್ದು ಎಪ್ಪತ್ತೆರಡಕ್ಕೆ ಇಳೀತು ಅಕ್ಕ, ಇನ್ನು ಐಸು!' ಎಂದು ಬೆಟ್ಟ ಕಡಿದವನ ಹಾಗೆ ಎದೆ ಉಬ್ಬಿಸಿದೆ. ನಾನೂ ಕೈಯಿಟ್ಟು ನೋಡಿ ಬೆರಗಾಗಿ ನಿನಗೆ ಎರಡು ಸಲ ಚಹಾ ಮಾಡಿಕೊಟ್ಟೆ. ಆ ಎರಡು ಲೋಟ ಚಹಾ ವಾಪಸ್ ಕೊಡು.

ನೀನು ಹೋದ ಹದಿನೈದು ದಿನಕ್ಕೆ ಅಪ್ಪನ ಕೈ ಕುದುರಿತು, ಮಾತು ಶುರುವಾಯಿತು. ಅದರ ಜೊತೆಗೇ ಕಾಟವೂ ಶುರುವಾಯಿತು. ಎಂಟು ಹತ್ತು ವಾಕ್ಯ ಚೆನ್ನಾಗಿ ಹೇಳಿ, ಮತ್ತೊಂದರ ನಡುವೆ ಲ್ಯಾಪ್‌ಟಾಪು ಕಲ್ಲಾಗಿಬಿಡುತ್ತಿತ್ತು. ಬಾಯಲ್ಲಿದ್ದ ಕೊನೆಯ ಅಕ್ಷರವನ್ನೇ ಟಕಟಕ ಎಂದು ಹೇಳುತ್ತಾ ನಿಲ್ಲುವುದು, ಯಾವ ಕೀಲಿ ಒತ್ತಿದರೂ ಜಪ್ಪಯ್ಯ ಎನ್ನದು. ಗುಂಡಿ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಬೇಕು, ಅಷ್ಟರಲ್ಲಿ ಎದುರಿಗಿದ್ದವರು ಹೋಗಿರುತ್ತಾರೆ. ನಮ್ಮ ಭಾಷೆಯ ಚಂದ ನೋಡು, ಇಲ್ಲ, ಬೇಡ, ಅಲ್ಲ ಎನ್ನುವುದೆಲ್ಲ ಕೊನೆಗೇ ಬರಬೇಕು. ಬಾಲ ಕತ್ತರಿಸಿದರೆ ಅರ್ಥವೇ ಉಲ್ಟಾ. ತಪಾಸಣೆಗೆ ಹೋದಾಗ ಡಾಕ್ಟರು ಹೇಗಿದೆ ಎಂದು ಕೇಳಿದರು. ಅಪ್ಪ 'ಗಂಟಲಲ್ಲಿ ನೋವು ಇಲ್ಲ' ಎಂದು ಟೈಪ್ ಮಾಡಿದರು. ಅದು 'ಗಂಟಲಲ್ಲಿ ನೋವು, ವು, ವು, ವು' ಎಂದು ನಿಂತಿತು. ಡಾಕ್ಟರು ಪಾಪ ಎಂದುಕೊಂಡು ದಪ್ಪ ಮಾತ್ರೆ ಬರೆದುಕೊಟ್ಟರು, ಅಪ್ಪ ಎರಡು ದಿನ ಮಂಪರಿನಲ್ಲಿ ಬಿದ್ದಿದ್ದರು. ಹಳೆಯ ಗಿರಾಕಿಯೊಬ್ಬ ಗಾಡಿ ತೋರಿಸಲು ಮನೆಗೇ ಬಂದಿದ್ದ. 'ನಿನ್ನ ಗಾಡಿಯಲ್ಲಿ ತೊಂದರೆ' ಎನ್ನುವಷ್ಟಕ್ಕೆ ನಿಂತಿತು. ಅವನು ಹೆದರಿ ಗಾಡಿ ತಳ್ಳಿಕೊಂಡೇ ಹೋದ. ಆಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅಪ್ಪ ಕೂಡ ಭುಜ ಕುಣಿಸಿ ನಕ್ಕರು. ನಗಬಾರದಿತ್ತು.

ತಪ್ಪು ಯಾರದ್ದು ಎಂದು ಹುಡುಕುತ್ತಾ ಹೋದೆವು. ಮೊದಲು ಅಪ್ಪನದು ಎಂದೆವು. ನಲವತ್ತು ವರ್ಷ ನಟ್ಟು ಬೋಲ್ಟು ತಿರುಗಿಸಿದ ಬೆರಳು, ಕೀಲಿಗಳನ್ನು ಜಜ್ಜುತ್ತಾರೆ ಎಂದು ನಾನೇ ಗದರಿದೆ. ಅವರು ಪಾಪ ಮೊಟ್ಟೆ ಮುಟ್ಟುವ ಹಾಗೆ ಟೈಪ್ ಮಾಡತೊಡಗಿದರು. ಆಮೇಲೆ ಮೊದಲನೇ ರಿಪೇರಿ ಅಂಗಡಿಯವನು ಕೀಬೋರ್ಡ್ ಬದಲಾಯಿಸಿದ. ಎರಡನೇ ಅಂಗಡಿಯವನು ಧೂಳು ತೆಗೆದ, ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಾಯಿಸಿದ, ಅದಕ್ಕೂ ಬಗ್ಗದಿದ್ದಾಗ 'ಮೇಡಂ, ಇದಕ್ಕೆ ವಯಸ್ಸಾಯ್ತು' ಎಂದು ಕೈಚೆಲ್ಲಿದ. ಅಪ್ಪ ನನ್ನ ಮುಖ ನೋಡಿದರು. ಆ ಮಾತು ತಮಗೇ ಹೇಳಿದ್ದೇನೋ ಎನ್ನುವಂತೆ ಇತ್ತು ಅವರ ಮುಖ.

ಈಗ ನಾಲ್ಕು ತಿಂಗಳ ಹಿಂದಿನ ಆ ಭಾನುವಾರಕ್ಕೆ ಬರುತ್ತೇನೆ. ನಾನು ಕನ್ನಡಕದಂಗಡಿಯ ಕೆಲಸಕ್ಕೆ ಹೋಗಿದ್ದೆ, ನಿನ್ನ ಭಾವ ಹೊರಗಿದ್ದರು. ಅಪ್ಪ ಯಾರಿಗೂ ಹೇಳದೆ ನನ್ನ ಹಳೇ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿನಗೆ ವಿಡಿಯೋ ಕಾಲ್ ಮಾಡಿದ್ದರು. ಸಂಜೆ ನಿನ್ನಿಂದ ನನಗೆ ಮೆಸೇಜ್ ಬಂತು: 'ಅಪ್ಪ ಹೇಳಬೇಕಾದ್ದು ಹೇಳಿ ಮುಚ್ಚಿದರು. ನಾನಿನ್ನು ತೊಂದರೆ ಕೊಡಲ್ಲ.' ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನನ್ನು ಕೇಳಿದೆ, ಏನು ಹೇಳಿದಿರಿ ಅವನಿಗೆ ಎಂದು. ಸ್ಲೇಟಿನಲ್ಲಿ 'ಏನೂ ಇಲ್ಲ' ಎಂದು ಬರೆದು ಗೋಡೆಯ ಕಡೆ ತಿರುಗಿ ಮಲಗಿದರು. ಹಳೇ ಹಟವೇ ಇರಬೇಕು ಎಂದುಕೊಂಡೆ. ನಾಲ್ಕು ತಿಂಗಳು, ತಮ್ಮಾ, ನಾಲ್ಕು ತಿಂಗಳು ನಾನು ಆ ಮನುಷ್ಯನನ್ನು ಬೈದಿದ್ದೇನೆ. ಗಂಟಲಿಲ್ಲದವರು ಎಂದೂ ನೋಡಲಿಲ್ಲ. ತಟ್ಟೆ ಕುಕ್ಕಿ ಇಟ್ಟಿದ್ದೇನೆ. 'ಇರೋ ಒಬ್ಬ ಮಗನನ್ನೂ ಓಡಿಸಿದಿರಿ, ಅಮ್ಮ ಇದ್ದಿದ್ದರೆ ನಿಮ್ಮ ಮುಖ ನೋಡುತ್ತಿರಲಿಲ್ಲ' ಎಂದೆಲ್ಲ ಅಂದಿದ್ದೇನೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಹೋದ ತಿಂಗಳ ಕೊನೆಗೆ ಮೂರನೇ ಅಂಗಡಿಗೆ ಹೋದೆ. ಆ ಅಂಗಡಿಯ ಯಜಮಾನರು ನಮ್ಮಲ್ಲೇ ಕನ್ನಡಕ ಮಾಡಿಸಿದವರು, ನಾನೇ ಗಾಜು ಉಜ್ಜಿದ್ದೆ, ಆ ಸಲಿಗೆಯಿಂದ ಹೋದೆ. ಅವರು ಬಿಚ್ಚಲೇ ಇಲ್ಲ. ಹಚ್ಚಿ, ಏನೇನೋ ಒತ್ತಿ, ಕನ್ನಡಕ ಹಣೆಗೇರಿಸಿ ಕೇಳಿದರು: 'ಇದಕ್ಕೆ ವೋಲ್ಟೇಜ್ ಇಳಿಸಿದ್ದು ಯಾರು?' ಹಾಗೆಂದರೇನು ಎಂದೆ. ಅವರು ನಿಧಾನವಾಗಿ ತಿಳಿಸಿ ಹೇಳಿದರು. ಪ್ರೊಸೆಸರಿಗೆ ಕಾರ್ಖಾನೆಯವರು ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ ವೋಲ್ಟೇಜ್ ಇಟ್ಟಿರುತ್ತಾರಂತೆ, ಯಾವ ಚಿಪ್ಪೂ ಕೈಕೊಡದಿರಲಿ ಎಂದು. ಆ ಹೆಚ್ಚಿನದನ್ನು ಇಳಿಸಿದರೆ ಕೆಲಸ ಅಷ್ಟೇ ನಡೆಯುತ್ತದೆ, ಬಿಸಿ ಕಡಿಮೆಯಾಗುತ್ತದೆ. ಒಳ್ಳೆಯ ಉಪಾಯವೇ ಅಂತೆ, ಅವರೂ ಮಾಡುತ್ತಾರಂತೆ. ಆದರೆ ಎಷ್ಟು ಇಳಿಸಬಹುದು ಎನ್ನುವುದು ಒಂದೊಂದು ಚಿಪ್ಪಿಗೆ ಒಂದೊಂದು. ಐದೈದೇ ಮಿಲಿವೋಲ್ಟ್ ಇಳಿಸುತ್ತಾ, ಪ್ರತಿ ಸಲ ತಾಸುಗಟ್ಟಲೆ ದುಡಿಸಿ ನೋಡಬೇಕು. ಅತಿಯಾಗಿ ಇಳಿಸಿದರೆ ಸುಮ್ಮನಿದ್ದಾಗ ಚೆನ್ನಾಗಿಯೇ ಇರುತ್ತದೆ, ಒಮ್ಮೆಲೇ ಭಾರ ಬಿದ್ದಾಗ ಶಕ್ತಿ ಸಾಲದೆ ಲೆಕ್ಕ ತಪ್ಪಿ ಕಲ್ಲಾಗುತ್ತದೆ. ಅಪ್ಪನ ಧ್ವನಿಯ ಪ್ರೋಗ್ರಾಮು ಇದೆಯಲ್ಲ, ಅದು ಸುಮ್ಮನಿರುತ್ತದೆ, ಒಂದು ವಾಕ್ಯ ಕೊಟ್ಟರೆ ಧಡಕ್ಕನೆ ಪೂರ್ತಿ ಭಾರ ಹಾಕುತ್ತದೆ. 'ಹತ್ತು ನಿಮಿಷ ಟೆಸ್ಟ್ ಮಾಡಿ ಎದ್ದು ಹೋದವರ ಕೆಲಸ ಇದು' ಎಂದರು ಅವರು. ನಿನ್ನನ್ನು ನೋಡಿಲ್ಲ, ಆದರೂ ಎಷ್ಟು ಸರಿಯಾಗಿ ಹೇಳಿದರು ನೋಡು. ನೂರಾ ಮೂವತ್ತು ಮಿಲಿವೋಲ್ಟ್ ಇಳಿಸಿದ್ದೆಯಂತೆ, ಒಂದೇ ಏಟಿಗೆ. ಲ್ಯಾಪ್‌ಟಾಪ್ ಹಚ್ಚಿದಾಗಲೆಲ್ಲ ತಾನಾಗಿಯೇ ಇಳಿಯುವ ಹಾಗೆ ಬೇರೆ ಮಾಡಿಟ್ಟಿದ್ದೆ. ಆ ಸೆಟ್ಟಿಂಗಿಗೆ ಒಂದು ಹೆಸರು ಕೊಟ್ಟಿದ್ದೆಯಲ್ಲ, ಅದನ್ನೂ ಅವರು ಓದಿ ತೋರಿಸಿದರು: 'ತಣ್ಣಗಿರಪ್ಪ.'

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು, ಇಲ್ಲದಿದ್ದರೆ ಅಲ್ಲೇ ಕಿರುಚುತ್ತಿದ್ದೆ. ಬೇರೆ ಯಾರೂ ಇಡುವ ಹೆಸರಲ್ಲ ಅದು. ತೊಡೆ ಸುಡದಿರಲಿ ಎಂದು ಮಾಡಿದ್ದು, ಮನಸ್ಸಿಟ್ಟು ಮಾಡಿದ್ದು, ಪ್ರೀತಿಯಿಂದಲೇ ಮಾಡಿದ್ದು. ಎದುರಿಗೆ ಕೂತು ಹೇಳಲಾಗದ್ದನ್ನು ಕಂಪ್ಯೂಟರಿನ ಹೊಟ್ಟೆಯಲ್ಲಿ ಬರೆದಿಟ್ಟು ಹೋಗಿದ್ದೆ. ಗೊತ್ತಾಯಿತು. ಗೊತ್ತಾದ್ದರಿಂದಲೇ ನನ್ನ ಸಿಟ್ಟು ಇಮ್ಮಡಿಯಾಯಿತು. ಅಷ್ಟು ಪ್ರೀತಿ ಇದ್ದವನು ಒಂದು ಚೀಟಿ ಅಂಟಿಸಿ ಹೋಗಬಾರದಿತ್ತೇ? ಹಡಗಿನಲ್ಲಿ ಒಂದು ವಾಲ್ವ್ ತಿರುಗಿಸಿದರೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ಮುಂದಿನ ಪಾಳಿಯವನಿಗೆ ಬಾಯಲ್ಲೂ ಹೇಳಬೇಕು ಎಂದು ನಮಗೆಲ್ಲ ಪಾಠ ಮಾಡಿದವನು ನೀನು. ಹಡಗಿಗೊಂದು ನ್ಯಾಯ, ಅಪ್ಪನಿಗೊಂದು ನ್ಯಾಯವೇ? ಅಲ್ಲಿ ಎಂಜಿನ್ನು ನಿಂತರೆ ನಿನ್ನ ಕೆಲಸ ಹೋಗುತ್ತದೆ ಎಂಬ ಭಯ. ಇಲ್ಲಿ ನಿಂತದ್ದು ಅಪ್ಪನ ಬಾಯಿ, ಅದಕ್ಕೆ ಯಾರು ನಿನ್ನನ್ನು ಕೇಳಬೇಕು? ನಾನು ಕೇಳುತ್ತೇನೆ. ಕೇಳುವುದಕ್ಕೇ ಈ ಕಾಗದ.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಅಪ್ಪನ ಎದುರು ಕೂತೆ. ಆ ಭಾನುವಾರ ಏನಾಯಿತು, ಒಂದಕ್ಷರ ಬಿಡದೆ ಬರೆಯಿರಿ ಎಂದೆ. ಸ್ಲೇಟು ಮೂರು ಸಲ ತುಂಬಿತು, ಮೂರು ಸಲ ಒರೆಸಿದೆ. ಅವರು ಟೈಪ್ ಮಾಡಿದ ವಾಕ್ಯವನ್ನು ಹಾಗೇ ಬರೆದು ತೋರಿಸಿದರು, ಅವರಿಗೆ ಬಾಯಿಪಾಠವಾಗಿದೆ: 'ನನಗೆ ನಿನ್ನ ಮೇಲೆ ಸಿಟ್ಟು ಇಲ್ಲ ಕಣೋ. ಅವತ್ತು ಬಾಯಿಗೆ ಬಂದದ್ದು ಅಂದೆ. ಮನೆಗೆ ಬಾ.' ಬೆಳಿಗ್ಗೆಯಿಂದ ಅಳಿಸಿ ಬರೆದು, ಅಳಿಸಿ ಬರೆದು ಸಿದ್ಧಮಾಡಿದ್ದರಂತೆ. ನೀನು ಕರೆ ತೆಗೆದುಕೊಂಡೆ, ಅವರು ಗುಂಡಿ ಒತ್ತಿದರು. ಲ್ಯಾಪ್‌ಟಾಪು ಎಲ್ಲಿ ನಿಂತಿತು ಗೊತ್ತೇ? 'ನನಗೆ ನಿನ್ನ ಮೇಲೆ ಸಿಟ್ಟು' ಎನ್ನುವಲ್ಲಿ. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಟ್ಟು, ಟ್ಟು, ಟ್ಟು, ಟ್ಟು ಎಂದು ಬಡಿಯತೊಡಗಿತಂತೆ, ಅಪ್ಪನ ಧ್ವನಿಯಲ್ಲೇ. ಗಾಬರಿಯಾಗಿ ಅದರ ಬಾಯಿ ಮುಚ್ಚಿಸಲು ಅವರು ಪಟ್ಟನೆ ಮುಚ್ಚಳ ಬಡಿದರು. ಕಣ್ಣಲ್ಲಿ ನೀರು ಬಂತು, ನಿನಗೆ ಕಾಣಬಾರದು ಎಂದು ಮುಖ ತಿರುಗಿಸಿದರು. ತಿರುಗಿ ನೋಡುವಷ್ಟರಲ್ಲಿ ನೀನು ಕಟ್ ಮಾಡಿದ್ದೆ. ನೀನು ಕಂಡದ್ದು ಇಷ್ಟು: ಸಿಟ್ಟು ಎಂದರು, ಮುಚ್ಚಳ ಬಡಿದರು, ಮುಖ ತಿರುಗಿಸಿದರು. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಇದು ನಾನು ನಿನಗೆ ಕೊಡುವ ಒಂದೇ ಒಂದು ರಿಯಾಯಿತಿ.

ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅಪ್ಪನ ಮೇಲೂ ರೇಗಿದೆ. ಅವರು ಸ್ಲೇಟಿನಲ್ಲಿ ಬರೆದರು: 'ನನ್ನ ಧ್ವನಿ ಕೇಳಿದರೆ ಅವನಿಗೆ ತಲೆ ಚಿಟ್ಟು ಹಿಡಿಯುತ್ತೆ. ಅವನೇ ಹೇಳಿದ್ದಾನೆ. ಅದಕ್ಕೇ ಕಟ್ ಮಾಡಿದ.' ಕಂಡೆಯಾ? ನೀನು ಅವರ ಮಾತನ್ನು ಎದೆಯಲ್ಲಿಟ್ಟುಕೊಂಡು ಅಲ್ಲಿ ಕೂತಿದ್ದೀಯ, ಅವರು ನಿನ್ನ ಮಾತನ್ನು ಎದೆಯಲ್ಲಿಟ್ಟುಕೊಂಡು ಇಲ್ಲಿ ಕೂತಿದ್ದಾರೆ. ಮುಂದಿನ ಎರಡು ಭಾನುವಾರವೂ ಕರೆ ಮಾಡಿದರಂತೆ, ನೀನು ಎತ್ತಲಿಲ್ಲ. ಬರೆದು ಕಳಿಸಬಹುದಿತ್ತಲ್ಲ ಎಂದೆ. ಅದಕ್ಕೆ, 'ಬಾಯಲ್ಲಿ ಅಂದದ್ದನ್ನ ಬಾಯಲ್ಲೇ ವಾಪಸ್ ತಗೋಬೇಕು' ಎಂದು ಬರೆದು ಸ್ಲೇಟು ಮಗುಚಿಟ್ಟರು. ಬಾಯಿಲ್ಲದವರ ಹಟ ನೋಡು! ಒಬ್ಬರಿಗಿಂತ ಒಬ್ಬರು ಗಟ್ಟಿ ನೀವು. ನಿಮ್ಮಿಬ್ಬರ ನಡುವೆ ನಾನು ಹುಟ್ಟಿದ್ದೇ ತಪ್ಪು.

ಆದರೆ ಒಂದು ವಿಷಯ ಹೇಳಲೇಬೇಕು. ನೀನು ಮಾಡಿದ್ದು ಏನೆಂದು ನಾನು ವಿವರಿಸಿದಾಗ ಅಪ್ಪನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕಣ್ಣು ಮಿನುಗಿತು. ಆಪರೇಷನ್ ಆದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಗ್ಯಾರೇಜಿನ ಕಳೆ ಬಂತು. ಅವರಿಗೆ ಊರಲ್ಲಿ ಅರ್ಧಸುತ್ತಿನ ಮೇಸ್ತ್ರಿ ಎಂದು ಹೆಸರಿತ್ತಲ್ಲ? ಕಾರ್ಬ್ಯುರೇಟರಿನ ತಿರುಪು ಬಿಗಿಯುತ್ತಾ ಹೋಗಿ, ಎಂಜಿನ್ನು ತೊದಲುವ ಕಡೆ ನಿಲ್ಲಿಸಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬರುತ್ತಿದ್ದರು. ಅಂಚಿನಲ್ಲಿ ಬಿಡಬಾರದು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಿಬ್ಬ ಹತ್ತಿಸಿ ನೋಡದೆ ಗಾಡಿ ಕೊಡಬಾರದು ಎನ್ನುವುದು ಅವರ ಲೆಕ್ಕ. ನೀನು ಚಿಕ್ಕವನಿದ್ದಾಗ ಎಷ್ಟು ಸಲ ಹೇಳಿಕೊಟ್ಟಿದ್ದಾರೆ! ನೀನು ತೊದಲುವ ಕಡೆಯೂ ನಿಲ್ಲಲಿಲ್ಲ, ದಿಬ್ಬವನ್ನೂ ಹತ್ತಿಸಲಿಲ್ಲ. ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ದಿನ ಅದೇ ಕೆಲಸ ಮಾಡಿದರು. ಅಂಗಡಿಯ ಯಜಮಾನರು ಎಲ್ಲಿ ಒತ್ತಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ಪೂರ್ತಿ ಹಿಂದಕ್ಕೆ ಬಂದು, ಐದೈದೇ ಇಳಿಸುತ್ತಾ, ಪ್ರತಿ ಸಲಕ್ಕೂ ಮುನ್ನೂರು ವಾಕ್ಯವನ್ನೂ ಹೇಳಿಸಿದರು. ನಾಲ್ಕು ದಿನ ನಮ್ಮ ಮನೆಯಲ್ಲಿ ಬೆಕ್ಕು ಹಾಲು ಕುಡಿಯುತ್ತಲೇ ಇತ್ತು. ನಿನ್ನ ಭಾವ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದರು. ತೊಂಬತ್ತು ಮಿಲಿವೋಲ್ಟ್ ಇಳಿಸಿದಾಗ ಒಂದು ಸಲ ತೊದಲಿತು. ಅಪ್ಪ ಚಿಟಿಕೆ ಹೊಡೆದು ಎಪ್ಪತ್ತಕ್ಕೆ ಬಂದು ನಿಂತರು. ಈಗ ಎಷ್ಟು ಭಾರ ಹಾಕಿದರೂ ಎಂಬತ್ತೆರಡು ಡಿಗ್ರಿ ದಾಟುವುದಿಲ್ಲ, ಹಲಗೆಯ ಮೇಲಿಟ್ಟುಕೊಂಡರೆ ತೊಡೆಗೆ ತಾಕುವುದೂ ಇಲ್ಲ, ಒಂಬತ್ತು ದಿನದಿಂದ ಒಂದು ಸಲವೂ ನಿಂತಿಲ್ಲ. ಎಲ್ಲವನ್ನೂ ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದ್ದೇವೆ, ಮುಂದಿನ ಪಾಳಿಯವರಿಗೆ ಎಂದು. ನೀನು ಇಟ್ಟ ಹೆಸರನ್ನು ನಾನು ಅಳಿಸಹೊರಟೆ, ಅಪ್ಪ ನನ್ನ ಕೈ ಹಿಡಿದುಕೊಂಡರು. ಅದು ಹಾಗೇ ಇದೆ.

ನನಗೆ ನೀನು ಸಾರಿ ಗೀರಿ ಹೇಳಬೇಡ. ನಿನ್ನ ಸಾರಿ ಇಟ್ಟುಕೊಂಡು ನಾನೇನು ಮಾಡಲಿ? ನಾನೂ ಕೇಳಬೇಕಾದವಳೇ, ಅಪ್ಪನ ಹತ್ತಿರ ಕೇಳಿದೆ, ಅವರು ನನ್ನ ತಲೆಯ ಮೇಲೆ ಮೊಟಕಿದರು, ಅಲ್ಲಿಗೆ ಮುಗಿಯಿತು. ನಿನಗೂ ಒಂದು ಮೊಟಕು ಕಾದಿದೆ, ಬಂದು ತೆಗೆದುಕೊಂಡು ಹೋಗು. ನನಗೆ ಹೊಟ್ಟೆ ಉರಿಯುವುದು ಎಲ್ಲದಕ್ಕಿಂತ ಹೆಚ್ಚಾಗಿ ಇದಕ್ಕೆ: ಒಂದೇ ಒಂದು ಸಲ ನೀನು ತಿರುಗಿ ಫೋನ್ ಮಾಡಿ, 'ಯಾಕಪ್ಪ ಸಿಟ್ಟು?' ಎಂದು ಕೇಳಿದ್ದರೆ ಸಾಕಿತ್ತು. ಬೈಸಿಕೊಳ್ಳುವುದಕ್ಕಾದರೂ ಕೇಳಬೇಕಿತ್ತು. ಸಾವಿರಾರು ಮೈಲಿ ಆಚೆ ಅಷ್ಟು ದೊಡ್ಡ ಎಂಜಿನ್ನು ಕೆಮ್ಮಿದರೆ ಹಾಸಿಗೆಯಿಂದ ಎದ್ದು ಓಡುತ್ತೀಯಂತೆ. ಅಪ್ಪ ತೊದಲಿದರೆ ಓಡಬೇಕು ಅನ್ನಿಸಲಿಲ್ಲವೇ ನಿನಗೆ?

ಕೈ ನೋಯುತ್ತಿದೆ, ಇಲ್ಲದಿದ್ದರೆ ಇನ್ನೂ ಎರಡು ಹಾಳೆ ಬೈಯುತ್ತಿದ್ದೆ. ಎತ್ತರದಲ್ಲಿ ಕೆಲಸ ಮಾಡುವಾಗ ಬೆಲ್ಟ್ ಹಾಕಿಕೋ. ಎಲ್ಲೇ ಇರು, ಚೆನ್ನಾಗಿರು, ನೂರು ಕಾಲ ಬಾಳು, ನನ್ನ ಸಿಟ್ಟು ನಿನ್ನ ಕೂದಲಿಗೂ ತಾಗದಿರಲಿ. ನಿನ್ನ ಭಾವ ನಿನ್ನನ್ನು ಬಹಳ ಕೇಳಿದರು ಎಂದು ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ.

ನಿನ್ನ ಕಿವಿ ಹಿಂಡಲು ಕಾದಿರುವ,
ಅಕ್ಕ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಅಂಚೆಗೆ ಹೊತ್ತಾಯಿತೆಂದು ನಿನ್ನ ಭಾವ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಒಂದು ವಾರದಿಂದ ಅಪ್ಪ ಮಾತನ್ನೆಲ್ಲ ಹಿಂದುಮುಂದು ಮಾಡಿ ಟೈಪ್ ಮಾಡುತ್ತಿದ್ದಾರೆ. ಚಹಾ ಬೇಕಾ ಎಂದರೆ 'ಬೇಡ ಚಹಾ'. ನೋವಿದೆಯಾ ಎಂದರೆ 'ಇಲ್ಲ ನೋವು'. ತಲೆಗೇನಾದರೂ ಆಯಿತೇ ಎಂದು ಹೆದರಿ ಇವತ್ತು ಬೆಳಿಗ್ಗೆ ಕೇಳಿಯೇಬಿಟ್ಟೆ. ಸ್ಲೇಟಿನಲ್ಲಿ ಬರೆದು ತೋರಿಸಿದರು: 'ರೂಢಿ ಮಾಡ್ಕೊಳ್ತಿದ್ದೀನಿ. ಮಧ್ಯದಲ್ಲಿ ನಿಂತುಹೋದರೂ ಇಲ್ಲ ಅನ್ನೋದು ಅವನಿಗೆ ಮೊದಲೇ ಕೇಳಿರಲಿ.' ಯಂತ್ರವನ್ನು ತಾವೇ ಸರಿಮಾಡಿದರೂ ಈ ಒಂದು ಮಾತಿನ ವಿಷಯದಲ್ಲಿ ಅದನ್ನು ನಂಬುತ್ತಿಲ್ಲ. ಕಾಗದ ಸಿಕ್ಕ ಮೊದಲ ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡು. ನೀನು ಏನೂ ಹೇಳಬೇಕಾಗಿಲ್ಲ. ಅವರು ಮುಗಿಸುವವರೆಗೆ ಕಟ್ ಮಾಡದೆ ಕೂತಿರು.